ನಾಲ್ಕು ಬಾಟಲಿಯ ಒಡೆಯ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಅವತ್ತು ಆ ಎಮ್ಮೆ ನಾನೇ. ಬೆಳಿಗ್ಗೆ ಚಹಾಕ್ಕಿಟ್ಟ ನೀರು ಇನ್ನೂ ಕುದಿ ಬಂದಿರಲಿಲ್ಲ, ಗೋದಾಮಿನ ಮ್ಯಾನೇಜರು ಬಂದು ಒಲೆ ಆರಿಸು ಎಂದರು.

"ಯಾಕೆ ಸಾರ್?"

"ನಾಲ್ಕು ಜನ ಕ್ರೇನ್ ಡ್ರೈವರ್‌ಗಳ ಮೂತ್ರದಲ್ಲಿ ಒಂದೇ ದೋಷ ಬಂದಿದೆ ಕಣಮ್ಮ. ರಕ್ತದ ಅಂಶ, ಪ್ರೋಟೀನು. ನಾಲ್ವರೂ ತಿನ್ನೋದು ಕುಡಿಯೋದು ನಿನ್ನ ಕ್ಯಾಂಟೀನಲ್ಲೇ. ನಿನ್ನ ನೀರಲ್ಲೇ ಏನೋ ಸೇರಿರಬೇಕು ಅಂತ ಡಾಕ್ಟರಮ್ಮನಿಗೆ ಅನುಮಾನ. ಸೋಮವಾರದಿಂದ ಬೇರೆಯವರು ಬರ್ತಾರೆ, ಪಾತ್ರೆ ಪಗಡ ಎತ್ಕೋ."

ಮೈಯೆಲ್ಲ ಉರಿದುಹೋಯಿತು. ಲೋಟ ತೊಳೆಯುವ ನೀರನ್ನೂ ಕುದಿಸಿಯೇ ಬಳಸುವವಳು ನಾನು. ಅಪ್ಪ ಅಮ್ಮ ಹೋದ ಮೇಲೆ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಇದೇ ಒಲೆಯಿಂದ. ಈಗ ಆ ಒಲೆಗೇ ವಿಷದ ಹೆಸರು ಕಟ್ಟುತ್ತಾರೆ! ಅದಕ್ಕಿಂತ ಹೆಚ್ಚು ಉರಿ ಬಂದದ್ದು ಇನ್ನೊಂದಕ್ಕೆ. ಆ ಬಾಟಲಿಗಳಲ್ಲಿದ್ದದ್ದು ಆ ನಾಲ್ವರ ಮೂತ್ರವೇ ಅಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ವರ್ಷಕ್ಕೊಮ್ಮೆ ಕ್ರೇನಿನವರಿಗೆಲ್ಲ ಈ ಪರೀಕ್ಷೆ. ಮನೆಯಿಂದಲೇ ಬಾಟಲಿ ತುಂಬಿಕೊಂಡು ಬರಬೇಕು. ಒಬ್ಬನಿಗೆ ಸಕ್ಕರೆ ಕಾಯಿಲೆ, ಇಬ್ಬರಿಗೆ ಕುಡಿತ, ನಾಲ್ಕನೆಯವನಿಗೆ ಏನೂ ಇಲ್ಲ, ಬರೀ ಪುಕ್ಕಲುತನ. ಅವರಿಗೆಲ್ಲ ಕಂಡವನು ನನ್ನ ತಮ್ಮ. ಗೋದಾಮಿನಲ್ಲಿ ಮೂಟೆ ಹೊರುತ್ತಾನೆ, ಬಿಡುವಿದ್ದಾಗ ನನಗೆ ನೀರು ತುಂಬಿಕೊಡುತ್ತಾನೆ. ಬೀಡಿಯಿಲ್ಲ, ಹೆಂಡವಿಲ್ಲ, ಒಂದು ನೆಗಡಿ ಬಂದದ್ದಿಲ್ಲ. ಎಲ್ಲರೂ ಅವನನ್ನು ಬಂಡೆ ಎಂದೇ ಕರೆಯುತ್ತಾರೆ.

"ಬಂಡೆ, ನಿಂದು ಶುದ್ಧ ಸರಕು ಕಣೋ, ಸ್ವಲ್ಪ ಕೊಡೋ" ಎಂದು ಗೋಗರೆದರು. ಇವನೋ, ಯಾರು ಏನು ಕೇಳಿದರೂ ಇಲ್ಲವೆನ್ನುವ ಜಾಯಮಾನದವನಲ್ಲ. ಬಾಟಲಿಗಳನ್ನು ತುಂಬಿ ಎರಡೂ ಕೈಯಲ್ಲಿ ಹಿಡಿದು ಕ್ಯಾಂಟೀನಿನ ಹಿಂಬಾಗಿಲಿಗೇ ಬಂದಿದ್ದ.

"ಅಕ್ಕ, ನೋಡಿಲ್ಲಿ! ನಿನ್ನ ಚಹಾಕ್ಕಿಂತ ಚೆನ್ನಾಗಿ ನೊರೆ ಬಂದಿದೆ!"

"ಥೂ, ಅನಿಷ್ಟವೇ! ಊಟ ಮಾಡೋ ಜಾಗಕ್ಕೆ ತರ್ತೀಯಾ?" ಎಂದು ಸೌಟು ಹಿಡಿದು ಅಟ್ಟಿಸಿಕೊಂಡು ಹೋಗಿದ್ದೆ. ಡ್ರೈವರುಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನನಗೂ ನಗು ಬಂದಿತ್ತು.

ಮ್ಯಾನೇಜರು ಹೋದ ಮೇಲೆ ಕಾಲು ಸುಟ್ಟ ಬೆಕ್ಕಿನಂತೆ ಒಳಗೂ ಹೊರಗೂ ಓಡಾಡಿದೆ. ಪಾತ್ರೆ ಎತ್ತಿಟ್ಟೆ, ಮತ್ತೆ ಇಳಿಸಿದೆ. ತಮ್ಮ ಆಗಲೇ ನೀರಿನ ಡ್ರಮ್ಮನ್ನು ಮಗುಚಿ ತಿಕ್ಕಲು ಶುರು ಮಾಡಿದ್ದ. ಕಣ್ಣಿನ ಸುತ್ತ ಊದಿಕೊಂಡಿತ್ತು.

"ಎಷ್ಟು ಮಲಗಿದ್ರೂ ಮುಖ ಊದಿಸ್ಕೊಂಡೇ ಏಳ್ತೀಯಲ್ಲೋ" ಎಂದು ಅವನ ಮೇಲೇ ಹರಿಹಾಯ್ದೆ. "ಬರಿಗಾಲಲ್ಲಿ ಯಾಕೆ ನಿಂತಿದ್ದೀಯ? ಚಪ್ಪಲಿ ಎಲ್ಲಿ?"

"ಕುಗ್ಗಿ ಹೋಗಿದೆ ಅಕ್ಕ, ಪಟ್ಟಿ ಹಾಕೋಕೇ ಆಗ್ತಿಲ್ಲ."

"ಚಪ್ಪಲಿ ಕುಗ್ಗುತ್ತೇನೋ ಎಲ್ಲಾದ್ರೂ? ಕಾಲು ಬೆಳೆಯೋ ವಯಸ್ಸಾ ನಿಂದು?"

ನಗುತ್ತಲೇ ಇದ್ದ. ನನಗೆ ನಿಲ್ಲಲಾಗಲಿಲ್ಲ. ಡ್ರೈವರುಗಳು ಬಟ್ಟೆ ಬದಲಿಸುವ ಕೋಣೆಗೆ ಹೋದೆ. ನನ್ನನ್ನು ಕಂಡದ್ದೇ ಮೂವರು ಹಿಂಬಾಗಿಲಿಂದ ಜಾರಿಕೊಂಡರು. ಉಳಿದವನು ದೊಡ್ಡಣ್ಣ, ಅವರಲ್ಲೆಲ್ಲ ಹಿರಿಯ. ಸಕ್ಕರೆ ಕಾಯಿಲೆ ಇದ್ದದ್ದು ಅವನಿಗೇ. ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ.

"ಹೋಗಿ ನಿಜ ಹೇಳ್ತೀಯೋ, ನಾನೇ ಹೇಳ್ಲೋ?"

"ಅಕ್ಕ, ಕೈ ಮುಗೀತೀನಿ. ಇನ್ನು ಕ್ರೇನ್ ಹತ್ತೋಕೆ ಬಿಡಲ್ಲ. ನನ್ನ ಸಂಸಾರ ಬೀದಿಗೆ ಬೀಳುತ್ತೆ."

"ಮತ್ತೆ ನಂದೇನು ಅರಮನೆಗೆ ಹೋಗುತ್ತಾ? ಉಂಡ ಮನೆಗೆ ಎರಡು ಬಗೀತಿದ್ದೀರಲ್ಲೋ!"

ಅವನು ತಲೆ ಎತ್ತಿ, "ಬಂಡೆ ಹೇಗಿದ್ದಾನೆ ಅಕ್ಕ?" ಎಂದ.

"ಹೇಗಿರ್ತಾನೆ? ನೀವು ಬಳಿದ ಕೊಳೆ ತಿಕ್ಕುತ್ತಾ ಇದ್ದಾನೆ."

"ಅದಲ್ಲ... ಅವನನ್ನ ಒಂದ್ಸಲ ಯಾರಿಗಾದ್ರೂ..."

ಅವನ ಮಾತು ಮುಗಿಯುವವರೆಗೆ ನಿಲ್ಲುವ ತಾಳ್ಮೆ ಯಾರಿಗಿತ್ತು? ಆಫೀಸಿನ ಮೆಟ್ಟಿಲು ಹತ್ತಿಯಾಗಿತ್ತು. ಡಾಕ್ಟರಮ್ಮ ಮ್ಯಾನೇಜರ ಕೋಣೆಯಲ್ಲೇ ಕೂತು ಏನೋ ಬರೆಯುತ್ತಿದ್ದರು. ಬಾಗಿಲು ತಟ್ಟಲಿಲ್ಲ, ಬನ್ನಿ ಎನ್ನಲೆಂದು ಕಾಯಲಿಲ್ಲ.

"ಡಾಕ್ಟರಮ್ಮ, ನನ್ನ ನೀರಿಗೆ ಹೆಸರಿಡಬೇಡಿ. ಆ ನಾಲ್ಕು ಬಾಟಲೀಲಿ ಇದ್ದಿದ್ದು ಆ ನಾಲ್ವರದ್ದಲ್ಲ. ಎಲ್ಲಾ ನನ್ನ ತಮ್ಮಂದು. ಒಬ್ಬಂದೇ!"

ಮ್ಯಾನೇಜರು ಕುರ್ಚಿಯಿಂದ ಎದ್ದೇಬಿಟ್ಟರು. "ಏನಂದೆ? ಆ ಕಳ್ಳರಿಗೆ ಮಾಡ್ತೀನಿ ಇವತ್ತು!"

ಡಾಕ್ಟರಮ್ಮ ಅವರ ಕಡೆ ನೋಡಲೇ ಇಲ್ಲ. "ಒಬ್ಬನದೇನಾ? ಖಂಡಿತಾನಾ?"

"ಬೇಕಾದ್ರೆ ಆಣೆ ಮಾಡ್ತೀನಿ. ನನ್ನ ಕಣ್ಣೆದುರಿಗೇ ತಂದಿದ್ದು" ಎಂದೆ ಎದೆಯುಬ್ಬಿಸಿಕೊಂಡು. ಗೆದ್ದುಬಿಟ್ಟಿದ್ದೆ. ಡಾಕ್ಟರಮ್ಮನ ಮುಖ ಮಾತ್ರ ನಾನಂದುಕೊಂಡ ಹಾಗೆ ಆಗಲಿಲ್ಲ. ಪೆನ್ನು ಕೆಳಗಿಟ್ಟು ಕನ್ನಡಕ ತೆಗೆದರು.

"ನಾಲ್ವರಿಗೂ ಒಂದೇ ತರ ಬಂದಿದೆ ಅಂದಾಗ ಹೊರಗಿಂದ ಏನೋ ಸೇರಿರಬೇಕು ಅಂದ್ಕೊಂಡೆ. ಒಬ್ಬನದೇ ಅಂದ್ರೆ... ನಿಮ್ಮ ತಮ್ಮನಿಗೆ ಮೂತ್ರದಲ್ಲಿ ನೊರೆ ಬರುತ್ತಾ?"

ನಿನ್ನ ಚಹಾಕ್ಕಿಂತ ಚೆನ್ನಾಗಿ, ಎಂದಿದ್ದ.

"ಬೆಳಿಗ್ಗೆ ಕಣ್ಣಿನ ಸುತ್ತ ಊದಿಕೊಳ್ಳುತ್ತಾ? ಕಾಲು?"

ಚಪ್ಪಲಿ, ಎಂದುಕೊಂಡೆ. ಅಯ್ಯೋ ದೇವರೇ, ಚಪ್ಪಲಿ.

"ಕಿಡ್ನಿ ಕೆಡ್ತಾ ಇರಬಹುದು. ನೋವಿರಲ್ಲ, ಅದಕ್ಕೇ ಗೊತ್ತಾಗಲ್ಲ. ತಡ ಮಾಡಬಾರದು. ಕರ್ಕೊಂಡು ಬನ್ನಿ, ಇವತ್ತೇ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ."

ಆಗ ನಾನು ಏನು ಮಾಡಿದೆ ಗೊತ್ತೇ? ಮೇಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. "ಇಲ್ಲ ಡಾಕ್ಟರಮ್ಮ, ನೀರು ಇನ್ನೊಂದ್ಸಲ ನೋಡಿ. ನೀರಲ್ಲೇ ಇರೋದು. ಡ್ರಮ್ ತಳದಲ್ಲಿ ಪಾಚಿ ಕಟ್ಟಿತ್ತು. ನಾನು ಸರಿಯಾಗಿ ಕುದಿಸ್ತಿರ್ಲಿಲ್ಲ. ತಪ್ಪು ನಂದೇ. ಕ್ಯಾಂಟೀನ್ ಮುಚ್ಚಿಸಿ ಸಾರ್, ಬೇಕಾದ್ರೆ ಪೊಲೀಸರಿಗೆ ಹೇಳಿ!"

"ಸುಮ್ನೆ ಇರಮ್ಮ," ಎಂದರು ಮ್ಯಾನೇಜರು. ಅವರ ದನಿಯೂ ಮೆತ್ತಗಾಗಿತ್ತು. "ಹೋಗಿ ಒಲೆ ಹಚ್ಚು. ನಿಂದೇನೂ ತಪ್ಪಿಲ್ಲ ಅಂತ ಗೊತ್ತಾಯ್ತಲ್ಲ."

ಮೆಟ್ಟಿಲು ಹೇಗಿಳಿದೆನೋ ತಿಳಿಯದು. ತಮ್ಮ ಡ್ರಮ್ಮನ್ನು ಬಿಸಿಲಿಗೆ ಬೋರಲು ಹಾಕಿ ಹೆಮ್ಮೆಯಿಂದ ಅದರ ಪಕ್ಕದಲ್ಲೇ ನಿಂತಿದ್ದ.

"ಏನಂದ್ರು ಅಕ್ಕ?"

"ನಮ್ಮ ನೀರು ಚೆನ್ನಾಗಿದೆಯಂತೆ."

"ನಾನು ಹೇಳ್ಲಿಲ್ವಾ!" ಡ್ರಮ್ಮಿನ ಮೇಲೆ ಢಬಢಬ ಬಾರಿಸಿದ. "ಒಲೆ ಹಚ್ಚಲಾ?"

"ಬೇಡ. ಡಾಕ್ಟರಮ್ಮ ಕರೀತಿದ್ದಾರೆ. ಚಪ್ಪಲಿ ಹಾಕ್ಕೋ."

"ಯಾಕೆ, ಬಹುಮಾನ ಕೊಡ್ತಾರಾ?" ಎನ್ನುತ್ತಾ ಮೆಟ್ಟಿಲ ಮೇಲೆ ಕೂತು ಕಾಲು ತೂರಿಸಿದ. ಪಟ್ಟಿ ಕೊಂಡಿಗೆ ಎಟುಕಲಿಲ್ಲ. ನಾನು ಅವನೆದುರು ಕುಕ್ಕರಗಾಲಲ್ಲಿ ಕೂತು, ಅವನ ಪಾದವನ್ನು ಹೆಬ್ಬೆಟ್ಟಿನಿಂದ ಒತ್ತಿಹಿಡಿದು ಪಟ್ಟಿ ಎಳೆದೆ. ಚಿಕ್ಕವನಿದ್ದಾಗ ಶಾಲೆಗೆ ಕಳಿಸುವಾಗಲೂ ಹೀಗೇ ಎಳೆಯುತ್ತಿದ್ದೆ. ಆಗಲಿಲ್ಲ. ಬೆರಳು ತೆಗೆದೆ. ಒತ್ತಿದ ಜಾಗದಲ್ಲಿ ಗುಳಿ ಬಿದ್ದಿತ್ತು. ಎಷ್ಟು ಹೊತ್ತು ನೋಡಿದರೂ ಅದು ತುಂಬಿಕೊಳ್ಳಲಿಲ್ಲ.

"ಯಾಕಕ್ಕ ಬಿಟ್ಟೆ? ನೋಯಲ್ಲ ಕಣೇ, ಇನ್ನೂ ಜೋರಾಗಿ ಎಳಿ" ಎಂದು ನಗುತ್ತಿದ್ದ.