ಅಜ್ಜಿಯ ಚಡ್ಡಿಗೆ ಮೊಹರು

ಬಹಳ ಹಿಂದೇನಲ್ಲ, ಹೋದ ವಾರದವರೆಗೂ ಒಂದು ರಾಜ್ಯವಿತ್ತು. ಆ ರಾಜ್ಯಕ್ಕೆ ತಗಡಿನ ಮಾಡು, ಕಬ್ಬಿಣದ ಗೇಟು. ಪ್ರಜೆಗಳೆಲ್ಲ ಹೆಂಗಸರು. ಕಾಣದ ದೇಶದ ಹೆಂಗಸರಿಗೆ ಒಳಉಡುಪು ಹೊಲಿಯುವುದು ಅವರ ಕಸುಬು. ರಾಜನಿಗೆ ಕಿರೀಟದ ಬದಲು ಕೊರಳಲ್ಲೊಂದು ಸೀಟಿ, ಹೆಸರು ಸೂಪರ್‌ವೈಸರ್. ಸಂಜೆ ಯಾರಾದರೂ ಕಾರ್ಖಾನೆಯ ಚಡ್ಡಿ ತೊಟ್ಟುಕೊಂಡು ಹೋಗಿಬಿಟ್ಟರೆ ಎಂಬ ಚಿಂತೆಯಲ್ಲಿ ಅವನಿಗೆ ಊಟ ಸೇರುತ್ತಿರಲಿಲ್ಲ. ಅದಕ್ಕೇ ಕಟ್ಟಳೆ ಹೊರಡಿಸಿದ. ಬೆಳಿಗ್ಗೆ ಗೇಟಿನ ಪಕ್ಕದ ಪರದೆಯ ಹಿಂದೆ ಒಬ್ಬೊಬ್ಬರೇ ಹೋಗಿ ಲಂಗ ಎತ್ತಬೇಕು. ಕಾವಲು ಹೆಂಗಸು ನಮ್ಮ ಸ್ವಂತ ಚಡ್ಡಿಯ ಪಟ್ಟಿಗೆ ನೀಲಿ ಮೊಹರು ಒತ್ತಬೇಕು. ಸಂಜೆ ಮತ್ತೆ ಎತ್ತಬೇಕು. ಮೊಹರು ಕಂಡರೆ ಮನೆಗೆ.

ಮೊದಲ ದಿನ, ಶನಿವಾರವೇ, ನನ್ನಜ್ಜಿಯ ಸರದಿಯಲ್ಲಿ ಎಡವಟ್ಟಾಯಿತು. ನನಗೆ ಹೊಲಿಗೆ, ಅಜ್ಜಿಗೆ ಅದೇ ಮಾಡಿನ ಕೆಳಗೆ, ಹೊಲಿದ ಬಟ್ಟೆಯ ದಾರ ಕತ್ತರಿಸುವ ಕೆಲಸ.

ಪರದೆಯ ಹಿಂದಿನಿಂದ ಕಾವಲು ಹೆಂಗಸು ಕೂಗಿದಳು, "ಸಾರ್, ಈ ಮುದುಕಿಗೆ ಒತ್ತೋಕೆ ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ?"

"ಒಳಗೆ ಬರೀ ಅಜ್ಜಿ ಸಾರ್."

ಸಾಲಿನಲ್ಲಿದ್ದವರು ಬಾಯಿಗೆ ಸೆರಗಿಟ್ಟು ನಕ್ಕರು. ಅಜ್ಜಿ ಲಂಗ ಇಳಿಸಿಕೊಂಡು ಹೊರಗೆ ಬಂದಳು. ಕಿವಿಯ ತುದಿ ಕೆಂಪಾಗಿತ್ತು.

"ಥೂ, ನಾಚಿಕೆಗೆಟ್ಟ ಮುಂಡೇದೇ," ಸೂಪರ್‌ವೈಸರ್ ನೆಲಕ್ಕೆ ಉಗಿದ. "ಊರಿಗೆಲ್ಲ ಚಡ್ಡಿ ಕಳಿಸೋ ಜಾಗಕ್ಕೆ ಹಿಂಗೆ ಬರ್ತೀಯಾ?"

"ನಾನು ಹುಟ್ಟಿದಾಗಿಂದ ಹಿಂಗೇ ಕಣಪ್ಪ. ನಿಮ್ಮಮ್ಮನೂ ಹಿಂಗೇ ಹುಟ್ಟಿದ್ದು."

"ಇವತ್ತೊಂದಿನ ಒಳಗೆ ಹೋಗು. ಸೋಮವಾರ ಹಾಕ್ಕೊಂಡು ಬಂದು ಮೊಹರು ಒತ್ತಿಸ್ಕೋ. ಇಲ್ಲಾಂದ್ರೆ ಗೇಟಿನ ಕಡೆ ತಲೆ ಹಾಕಬೇಡ."

ಸೋಮವಾರ ಹೊರದೇಶದ ಖರೀದಿದಾರರು ಬರುವವರಿದ್ದರು. ಅವರಿಗೆಂದು ಗಾಜಿನ ಕೋಣೆಯಲ್ಲಿ ಗೊಂಬೆಗಳನ್ನು ನಿಲ್ಲಿಸಿ ಹೆಂಗಸರ ಒಳಉಡುಪಿನ ಚರಿತ್ರೆ ತೋರಿಸಬೇಕೆಂದು ಮಾಲೀಕ ಸಾಹೇಬರ ಆಸೆ. ಹೊಲಿಯುವ ಪಾಡು ನಮ್ಮದು. ಒಂದು ಗೊಂಬೆಯ ಎದೆಗೆ ಸುತ್ತಿದ ಬರೀ ಪಟ್ಟಿ. ಒಂದಕ್ಕೆ ಹೊಲಿಗೆಯೇ ಇಲ್ಲದ ಸುತ್ತುಬಟ್ಟೆ. ಇನ್ನೊಂದಕ್ಕೆ ಬೆನ್ನಲ್ಲಿ ದಾರ ಎಳೆದು ಬಿಗಿಯುವ ಪಂಜರದಂಥ ರವಿಕೆ.

"ಅಯ್ಯೋ ಪಾಪ, ಇವಳು ಸೀನೋದು ಹೆಂಗೆ?" ಎಂದಳು ಅಜ್ಜಿ.

ಕೊನೆಯ ಗೊಂಬೆಗೆ ಮೊಣಕಾಲುದ್ದದ ಚಡ್ಡಿ. ಕಾಲು ಎರಡೂ ಬೇರೆ ಬೇರೆ, ಸೊಂಟದ ಪಟ್ಟಿಯಲ್ಲಿ ಮಾತ್ರ ಕೂಡುತ್ತಿದ್ದವು. ಅಜ್ಜಿ ಅದರೊಳಗೆ ಕೈ ತೂರಿಸಿದಳು. ಕೈ ಆಚೆ ಬಂತು.

"ನಡುವೆ ಹೊಲಿಯೋದು ಮರೆತಿದ್ದೀರಲ್ಲೇ."

"ಮರೆತಿಲ್ಲ ಅಜ್ಜಿ. ಆ ಕಾಲದ ದೊಡ್ಡಮನೆ ಹೆಂಗಸರು ಹಿಂಗೇ ಹಾಕ್ತಿದ್ರಂತೆ," ಎಂದೆ.

ಅಜ್ಜಿ ಗೊಂಬೆಯ ಗಲ್ಲ ಹಿಡಿದು ನೋಡಿದಳು. "ನಿನಗೂ ಗಾಳಿ ಬೇಕಿತ್ತೇನೇ ತಾಯಿ?"

"ನಿನಗೂ ಇಂಥದ್ದೇ ಹೊಲಿದು ಕೊಡ್ತೀನಿ," ಎಂದು ಅಜ್ಜಿಗೆ ಮಾತು ಕೊಟ್ಟೆ. ಒತ್ತಲು ಪಟ್ಟಿಯೂ ಆಯಿತು, ಗಾಳಿಯೂ ಆಯಿತು, ಕೆಲಸವೂ ಉಳಿಯಿತು.

ಮನೆಯ ಹಳೇ ಹಾಸಿಗೆ ಹೊದಿಕೆಯನ್ನು ಕತ್ತರಿಸಿದೆ. ಹೊಲಿಯುತ್ತಿದ್ದಂತೆ ನನ್ನ ಕಣ್ಣ ಮುಂದೆ ಆ ದೊಡ್ಡಮನೆಯ ಹೆಂಗಸು ಮೆಟ್ಟಿಲಿಳಿದು ಬಂದಳು, ಅಜ್ಜಿಗೆ ಕುರ್ಚಿ ಹಾಕಿದಳು, ಇಬ್ಬರೂ ಕಾಲು ಚಾಚಿ ಕೂತರು. ಕನಸು ಮುಗಿದಾಗ ಭಾನುವಾರ ಸಂಜೆ. ನೋಡಿದರೆ ಎರಡೂ ಎಡಗಾಲು ಹೊಲಿದಿದ್ದೆ. ಬಿಚ್ಚಿ ಸರಿಮಾಡೋಣವೆಂದರೆ ಮನೆಯ ಮಿಷನ್ನಿನ ಸೂಜಿ ಮುರಿಯಿತು.

"ಪರವಾಗಿಲ್ಲ ಬಿಡೇ, ನಾಳೆಯಿಂದ ಮನೇಲೇ ಇರ್ತೀನಿ," ಎಂದಳು ಅಜ್ಜಿ. ಹೇಳುತ್ತಲೇ ದಾರದ ಕತ್ತರಿಯನ್ನು ಬಟ್ಟೆಗೆ ಒರೆಸಿ ಒರೆಸಿ ಇಡುತ್ತಿದ್ದಳು. ನನಗೆ ನೋಡಲಾಗದೆ ಚಡ್ಡಿ ಹಿಡಿದು ಪಕ್ಕದ ಮನೆಗೆ ಓಡಿದೆ.

ಅಲ್ಲಿರುವವಳು ಕಾರ್ಖಾನೆಯಲ್ಲಿ ನಮ್ಮ ಸಾಲಿನವಳೇ. ಹಿಂದೆ ಅಂಗಿಗೆ ಗುಂಡಿ ತೂರಿಸುವ ಕಾಜಾ ಹಾಕುತ್ತಿದ್ದಳೆಂದು ಕಾಜಾ ಅಕ್ಕ ಎಂದೇ ಕರೆಯುತ್ತೇವೆ. ಎಡಗಾಲುಗಳನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

"ಒತ್ತೋಕೆ ಒಬ್ಬಳಿಗೆ ಇಲ್ಲ ಅಂದ್ರೆ ಅವಳನ್ನ ಓಡಿಸ್ತಾನೆ. ಯಾರಿಗೂ ಇಲ್ಲ ಅಂದ್ರೆ?"

ಸೋಮವಾರ ಬೆಳಿಗ್ಗೆ ಅಜ್ಜಿಯನ್ನೂ ಎಳೆದುಕೊಂಡು ಬಂದು ಸಾಲಿನಲ್ಲಿ ನಿಂತೆವು. ಮೊದಲು ಪರದೆಯ ಹಿಂದೆ ಹೋದವಳು ಕಾಜಾ ಅಕ್ಕನೇ.

"ಸಾರ್, ಇವಳಿಗೂ ಏನೂ ಇಲ್ಲ," ಕಾವಲು ಹೆಂಗಸಿನ ದನಿ.

"ಒಳಗೆ ಬರೀ ಕಾಜಾ ಸಾರ್," ಎಂದು ಒಳಗಿನಿಂದ ಅಕ್ಕ.

ಎರಡನೆಯವಳಿಗೂ ಇಲ್ಲ. ಮೂರನೆಯವಳು ಬಸುರಿ, ಅವಳಿಗೂ ಇಲ್ಲ. ನನ್ನ ಸರದಿ ಬರುವಷ್ಟರಲ್ಲಿ ಕಾವಲು ಹೆಂಗಸು ಮೊಹರನ್ನು ಮಡಿಲಲ್ಲಿಟ್ಟುಕೊಂಡು ಕಣ್ಣೀರು ಬರುವಂತೆ ನಗುತ್ತಿದ್ದಳು.

"ಹಲ್ಕಾ ಮುಂಡೇವಾ, ಮೊಹರಿಲ್ಲದೆ ಒಬ್ಬಳೂ ಒಳಗೆ ಹೋಗೋ ಹಾಗಿಲ್ಲ," ಎಂದು ಸೂಪರ್‌ವೈಸರ್ ಅರಚಿದ.

"ಸರಿ ಸಾರ್," ಎಂದು ಕಾಜಾ ಅಕ್ಕ ಊಟದ ಡಬ್ಬಿ ಎತ್ತಿಕೊಂಡಳು. "ಬರ್ರೇ, ಮನೆಗೆ ಹೋಗೋಣ."

ಇಡೀ ಸಾಲು ತಿರುಗಿತು. ತಿರುವಿನಲ್ಲಿ ಕಾರಿನ ಹಾರ್ನ್ ಕೇಳಿತು. ಸೂಪರ್‌ವೈಸರ್ ಓಡಿ ಬಂದು ಕೈ ಅಡ್ಡ ಹಿಡಿದ.

"ಎಲ್ಲಿಗೆ? ಮಿಷನ್ ಮುಂದೆ ಗೊಂಬೆ ಕೂರಿಸಲೇನು? ಒಳಗೆ ನಡೀರಿ."

"ಮೊಹರು?" ಎಂದಳು ಅಜ್ಜಿ.

"ಮೊಹರು ಹಾಳಾಗಿ ಹೋಗ್ಲಿ."

"ನಾಳೆಗೂ ಹಾಳಾಗಿರುತ್ತೇನಪ್ಪ?"

"ನಾಳೆಗೂ," ಎಂದ ಹಲ್ಲು ಕಚ್ಚಿ.

"ಗಟ್ಟಿಯಾಗಿ ಹೇಳು ಮಗ. ಕಿವಿ ಮಂದ."

ಕಾರಿನ ಬಾಗಿಲು ತೆರೆಯಿತು. "ಇನ್ನು ಯಾರ ಚಡ್ಡೀನೂ ನೋಡಲ್ಲ," ಎಂದು ಅವನು ಕಿರುಚಿದ. ಇಳಿದ ಖರೀದಿದಾರರಿಗೆ ಭಾಷೆ ತಿಳಿಯದು. ಸ್ವಾಗತವೆಂದುಕೊಂಡು ತಲೆಬಾಗಿ ಕೈಮುಗಿದರು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಾರ್ಖಾನೆಯ ಮಿಷನ್ನಿನಲ್ಲೇ ಅಜ್ಜಿಯ ಚಡ್ಡಿಯ ಒಂದು ಎಡಗಾಲು ಬಿಚ್ಚಿ ಬಲಗಾಲು ಮಾಡಿದೆ.

"ಈಗ ಯಾರೂ ಕೇಳಲ್ಲ, ಬೇಡಾಂದ್ರೆ ಬಿಡು ಅಜ್ಜಿ."

"ಯಾರೂ ಕೇಳದಿರೋವಾಗ ಹಾಕ್ಕೊಂಡು ನೋಡ್ಬೇಕು. ಕೊಡೇ ಇಲ್ಲಿ."

ಬಟ್ಟೆಯ ಮೂಟೆಗಳ ಮರೆಗೆ ಹೋಗಿ ತೊಟ್ಟು, ಲಾಡಿ ಕಟ್ಟಿಕೊಂಡು ಬಂದಳು. ಒಮ್ಮೆ ಕುಕ್ಕರುಗಾಲಲ್ಲಿ ಕೂತಳು, ಎದ್ದಳು, ಎರಡು ಹೆಜ್ಜೆ ನಡೆದಳು. ಲಾಡಿಯ ತುದಿಯಲ್ಲಿ ನಾನು ಬಿಟ್ಟಿದ್ದ ದಾರ ನೇತಾಡುತ್ತಿತ್ತು. ಅದನ್ನು ತನ್ನ ಕತ್ತರಿಯಲ್ಲಿ ತಾನೇ ಕತ್ತರಿಸಿದಳು.