ಅಕ್ಕನ ಪರವಾಗಿ ಒಂದು ಮಾತು

ಡ್ರೈವಿಂಗ್ ಶಾಲೆಯ ಮೇಷ್ಟ್ರಿಗೆ ಭಾವನ ಫೋನ್ ಬಂದಾಗ ಶಿಷ್ಯೆಯೊಬ್ಬಳು ಕಾರನ್ನು ರಿವರ್ಸ್ ತೆಗೆಯಲು ಒದ್ದಾಡುತ್ತಿದ್ದಳು. ಅಕ್ಕನಿಗೆ ನ್ಯುಮೋನಿಯಾ ಉಲ್ಬಣಿಸಿತ್ತು, ಮೈಮೇಲೆ ಎಚ್ಚರವಿರಲಿಲ್ಲ. ಪಾಠ ಅಲ್ಲಿಗೇ ಬಿಟ್ಟು ಅವನು ಮನೆಗೆ ಓಡಿದ. ಬೀರುವಿನಲ್ಲಿದ್ದ ಅಕ್ಕನ ಪತ್ರ ತೆಗೆದುಕೊಂಡು ಆಸ್ಪತ್ರೆಗೆ ಹೊರಟ.

ಅಕ್ಕ ಶಾಲೆಯಲ್ಲಿ ಪಿ.ಟಿ. ಟೀಚರ್. ಅವಳ ಒಂದು ಕೂಗಿಗೆ ಇಡೀ ಮೈದಾನ ಗಪ್‌ಚುಪ್ ಆಗುತ್ತಿತ್ತು. ಅಮ್ಮ ಕೊನೆಯ ದಿನಗಳನ್ನು ಗಂಟಲಲ್ಲಿ ಉಸಿರಾಟದ ನಳಿಗೆ ಇಟ್ಟುಕೊಂಡು ಕಳೆದದ್ದನ್ನು ಕಂಡ ಮೇಲೆ ಅವಳು ವಕೀಲರ ಹತ್ತಿರ ಆ ಪತ್ರ ಬರೆಸಿದ್ದಳು. ಅದರಲ್ಲಿದ್ದದ್ದು ಇಷ್ಟು: ಗುಣವಾಗುವ ಭರವಸೆಯೇ ಇಲ್ಲದಿದ್ದರೆ ನನ್ನನ್ನು ಯಂತ್ರಕ್ಕೆ ಕಟ್ಟಿಹಾಕಬೇಡಿ. ನನಗೆ ಮಾತಾಡಲಾಗದಿದ್ದರೆ ನನ್ನ ಪರವಾಗಿ ನನ್ನ ತಮ್ಮ ಮಾತಾಡಲಿ.

"ಭಾವ ಇದ್ದಾರಲ್ಲೇ, ನಾನ್ಯಾಕೆ?" ಎಂದು ಅವನು ಅಂದೇ ಕೇಳಿದ್ದ.

"ಅವರು ತೊಟ್ಟಿಯ ಮೀನು ಸತ್ರೂ ಊಟ ಬಿಡೋ ಮನುಷ್ಯ. ನಿನಗಾದ್ರೆ, ಸ್ಟೀರಿಂಗ್ ಯಾರ ಕೈಲಿದ್ರೂ, ಕಾಲ ಕೆಳಗೆ ಯಾವಾಗಲೂ ಒಂದು ಬ್ರೇಕ್ ಇರುತ್ತೆ."

ಇಬ್ಬರೂ ನಕ್ಕಿದ್ದರು. ಭಾವನಿಗೆ ಹೇಳುವ ಧೈರ್ಯ ಮಾತ್ರ ಇಬ್ಬರಿಗೂ ಬಂದಿರಲಿಲ್ಲ.

ಈಗ ಆಸ್ಪತ್ರೆಯಲ್ಲಿ ಭಾವ ಪತ್ರವನ್ನು ಓದಿ, ಮತ್ತೆ ಓದಿ, ಕುರ್ಚಿಯಲ್ಲಿ ಕುಸಿದರು. "ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೀವಿ. ನನಗೊಂದು ಮಾತು ಹೇಳಬಾರ್ದಿತ್ತೇನಪ್ಪಾ?"

ಅವನು ತಲೆ ತಗ್ಗಿಸಿದ. ಪತ್ರವನ್ನು ಒಪ್ಪಲಿಕ್ಕಿಲ್ಲವೆಂದು ಅಲ್ಲಿನ ಡಾಕ್ಟರಮ್ಮನ ಜೊತೆ ಜಗಳಕ್ಕೇ ಸಿದ್ಧನಾಗಿ ಬಂದಿದ್ದವನು ಅವನು. ಆಕೆಯೋ ಜಗಳಕ್ಕೆ ಜಾಗವನ್ನೇ ಕೊಡಲಿಲ್ಲ.

"ಈ ಪತ್ರಕ್ಕೆ ಕಾನೂನಿನ ಬಲ ಇದೆ. ಆದ್ರೆ ಇನ್ನು ಗುಣ ಆಗಲ್ಲ ಅಂತ ವೈದ್ಯರ ಎರಡು ತಂಡ ಒಪ್ಪಿದ ಮೇಲಷ್ಟೇ ಇದು ಲೆಕ್ಕಕ್ಕೆ ಬರೋದು. ಇವರಿಗೆ ಗುಣ ಆಗಬಹುದು. ಆಗದೇನೂ ಇರಬಹುದು. ಸದ್ಯಕ್ಕೆ ಉಸಿರಾಟದ ಯಂತ್ರ ಬೇಕು."

"ಹಾಗಾದ್ರೆ ಹಾಕಬೇಕೋ, ಬೇಡವೋ?" ಎಂದ ಅವನು.

"ಅವರೇ ಎದ್ದು ಕೂತಿದ್ರೆ ಏನಂತಿದ್ರು? ಅದನ್ನ ನೀವು ಹೇಳ್ಬೇಕು."

ಅವನು ಪತ್ರವನ್ನು ಇನ್ನೊಮ್ಮೆ ನೋಡಿದ. ಹಾಕಿ ಎಂದರೆ ಕೊಟ್ಟ ಮಾತಿಗೆ ತಪ್ಪಿದಂತೆ. ಬೇಡ ಎಂದರೆ ಬದುಕಬಹುದಾದವಳನ್ನು ಕೈಯಾರೆ ಕಳಿಸಿದಂತೆ. ಭಾವನ ಕಡೆ ನೋಡಿದ. ಅವರು ಬೈದಿದ್ದರೂ ಹಗುರಾಗುತ್ತಿತ್ತೇನೋ.

"ನೀನೇ ಹೇಳು," ಎಂದರು ಭಾವ. "ಅವಳು ನಂಬಿದ್ದು ನಿನ್ನನ್ನ."

"ಹಾಕಿ," ಎಂದ. ಅಕ್ಕನಿಗಾಗಿ ಹೇಳಿದನೋ, ಭಾವನ ಮುಖ ನೋಡಿ ಹೇಳಿದನೋ, ಬರೀ ಹೆದರಿಕೊಂಡು ಹೇಳಿದನೋ, ಅವನಿಗೇ ತಿಳಿಯಲಿಲ್ಲ.

ವಾರ ಕಳೆದ ಮೇಲೆ ನಳಿಗೆ ತೆಗೆದರು. ಮೈದಾನ ನಡುಗಿಸುತ್ತಿದ್ದ ಗಂಟಲಿನಿಂದ ಗಾಳಿಯಂಥ ದನಿ ಬಂತು. "ಯಾರೋ ಹಾಕಿಸಿದ್ದು?"

"ನಾನೇ ಕಣೇ."

ಅಕ್ಕ ದುರುಗುಟ್ಟಿ ನೋಡಿದಳು. ಪಕ್ಕದಲ್ಲಿ ಭಾವ ಅವಳ ಕೈ ಹಿಡಿದುಕೊಂಡೇ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ತುಂಬಾ ನೋವಾಯ್ತು ಕಣೋ. ಇನ್ನೊಂದ್ ಸಲ ಬೇಡ."

"ಗುಣ ಆಗೋ ಹಾಗಿದ್ರೂ ಬೇಡ್ವಾ?"

ಅವಳು ಕಿಟಕಿಯ ಕಡೆ ತಿರುಗಿದಳು, ಗಂಡನ ಕಡೆ ನೋಡಿದಳು.

"ನನ್ನೊಬ್ಬಳನ್ನೇ ಕೇಳಿದ್ರೆ ಹೇಗೆ?" ಎಂದಳು ಕೊನೆಗೆ. "ಇವರು ಏಳ್ಲಿ. ಮೂವರೂ ಕೂತು ಮಾತಾಡೋಣ."