ದೊಡ್ಡಪತ್ರೆ ಮತ್ತು ಅತ್ತೆಯ ಮೂಗು

ನಮ್ಮತ್ತೆ ಶಕುಂತಲಾ ಅವರ ಮೂಗಿನ ಮುಂದೆ ಯಾರ ಆಟವೂ ನಡೆಯುವುದಿಲ್ಲ. ಕುದಿಯುವ ಸಾರನ್ನು ಮೂಸಿಯೇ ಉಪ್ಪು ಕಮ್ಮಿ ಎನ್ನುವವರು. ಈ ಪರದೇಶದ ಫಾರೆಸ್ಟ್ ಲೇಕ್ ಬಡಾವಣೆಯ ನಮ್ಮ ಬೀದಿಯಲ್ಲಿ ಯಾರ ಮನೆಯ ಬಾರ್ಬೆಕ್ಯೂ ಹೊತ್ತಿದರೂ ಮೊದಲು ತಿಳಿಯುವುದು ಅವರಿಗೆ. ಹಾಗಾಗಿ ಹೋದ ವಾರ ಮತ್ತೆ ಮತ್ತೆ ಒಗ್ಗರಣೆ ಸೀದಾಗ, ಫೋನ್ ನೋಡುತ್ತಾ ಮೈಮರೆತಿರುತ್ತಾರೆ ಎಂದು ಒಳಗೊಳಗೇ ಸಿಡುಕಿದೆ.

ಶನಿವಾರ ಮೂರು ವರ್ಷದ ನನ್ನ ಮಗ ಅಭಿಗೆ ಕೆಮ್ಮು ಶುರುವಾಯಿತು. ಅತ್ತೆ ಹಿತ್ತಲಿನ ಕುಂಡದಿಂದ ದೊಡ್ಡಪತ್ರೆ ಕಿತ್ತು ತಂದು, ಕಾವಲಿಯ ಮೇಲೆ ಬಾಡಿಸಿ, ರಸ ಹಿಂಡಿ, ಜೇನುತುಪ್ಪ ಬೆರೆಸಿ ಮಗುವಿನ ಬಾಯಿಗೆ ಚಮಚ ಹಿಡಿದರು. ಪಕ್ಕದಲ್ಲಿದ್ದ ನನ್ನ ಮಗಳು ಶರ್ವಾಣಿ ಮೂಗು ಮುಚ್ಚಿಕೊಂಡಳು.

"ಯಕ್, ಅಜ್ಜಿ! ಸ್ಮೆಲ್ಸ್ ಲೈಕ್ ಕ್ಯಾಟ್ ಪೀ!"

"ಸುಮ್ನಿರೇ. ಔಷಧಿ ಅಂದ್ರೆ ಸಾಕು, ಮೂಗು ಮುರೀತೀಯ."

ಅಭಿ ಬಾಯಿ ತೆರೆಯುವ ಮೊದಲೇ ನಾನು ಓಡಿಬಂದು ಚಮಚ ಕಸಿದುಕೊಂಡೆ. ನಿಜಕ್ಕೂ ಬೆಕ್ಕಿನ ಉಚ್ಚೆಯ ಗಬ್ಬುನಾತ! ಹೊರಗೆ ಹೋಗಿ ಕುಂಡ ನೋಡಿದರೆ, ಬೆಕ್ಕುಗಳ ಕಾಟ ತಪ್ಪಲೆಂದು ನರ್ಸರಿಯಿಂದ ತಂದ ನಾರುವ ಗಿಡವನ್ನು ಮಾವ ದೊಡ್ಡಪತ್ರೆಯ ಪಕ್ಕದಲ್ಲೇ ನೆಟ್ಟಿದ್ದಾರೆ. ಅದೇ ದಪ್ಪ ಎಲೆ, ಅದೇ ಹಸಿರು. ಹೊಟ್ಟೆಗೆ ಹೋದರೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ.

"ಅಮ್ಮ, ಇಷ್ಟು ನಾತ ನಿಮ್ಗೆ ಗೊತ್ತಾಗ್ಲಿಲ್ವಾ?" ಎಂದು ಒಳಬಂದು ರೇಗಿದೆ.

ಅತ್ತೆ ಒಲೆ ಆರಿಸಿದರು. "ಫ್ಲೂ ಬಂದಾಗಿಂದ ವಾಸ್ನೆನೇ ಬರ್ತಿಲ್ಲ ಸೌಮ್ಯಾ. ಹೇಳಿದ್ರೆ ಇನ್ನು ಅಡುಗೆಮನೆಗೆ ಬರ್ಬೇಡಿ ಅಂತೀಯೇನೋ ಅಂತ ಸುಮ್ನಿದ್ದೆ."

ನನ್ನ ಸಿಟ್ಟು ಜರ್ರನೆ ಇಳಿಯಿತು. ಪಾಪ ಅನ್ನಿಸಿತು, ನಾಚಿಕೆಯೂ ಆಯಿತು.

ಡಾಕ್ಟರಿಗೆ ಫೋನ್ ಮಾಡಿದೆ. ಸದ್ಯಕ್ಕೆ ಬರೀ ಜೇನುತುಪ್ಪ ಸಾಕು, ಉಸಿರಾಟ ಕಷ್ಟವಾದರೆ ತಕ್ಷಣ ಕರೆತನ್ನಿ ಎಂದರು. ಅತ್ತೆಯ ಮೂಗನ್ನೂ ತೋರಿಸಲು ಹೇಳಿದರು. ಮಾವನ ಗಿಡ ಬೇಲಿಯಂಚಿಗೆ ಗಡೀಪಾರಾಯಿತು.

"ಇನ್ಮೇಲೆ ಎಲೆ ಕೀಳೋದು ನೀವು, ಮೂಸೋದು ಶರ್ವಾಣಿ. ಅಡುಗೆಮನೆ ಯಾವತ್ತೂ ನಿಮ್ದೇ," ಎಂದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಕಾವಲಿ ತೊಳೆಯತೊಡಗಿದರು.

ಮರುದಿನ ಅಭಿಯ ಕೆಮ್ಮು ಕಡಿಮೆಯಾಗಿತ್ತು. ನಮಗೆಲ್ಲ ತಂಬುಳಿ ಮಾಡಲು ಅತ್ತೆ ಅಸಲಿ ದೊಡ್ಡಪತ್ರೆಯ ಎಲೆಯೊಂದನ್ನು ಹೊಸಕಿ ಮೊಮ್ಮಗಳ ಮೂಗಿಗೆ ಹಿಡಿದರು. "ಹೇಗಿದೆಯೇ?"

ಶರ್ವಾಣಿ ಕಣ್ಣು ಮುಚ್ಚಿ ಮೂಸಿದಳು. "ನಿನ್ ಕೈ ವಾಸ್ನೆ, ಅಜ್ಜಿ," ಎಂದಳು, ಅಪರೂಪಕ್ಕೆ ಕನ್ನಡದಲ್ಲಿ.

ಅತ್ತೆ ತಮ್ಮ ಅಂಗೈಯನ್ನು ಮೂಗಿಗೆ ಹಿಡಿದುಕೊಂಡರು. ಏನೂ ವಾಸನೆ ಬಂದಿರಲಿಕ್ಕಿಲ್ಲ. ಆದರೂ ತುಂಬ ಹೊತ್ತು ಕೈ ಇಳಿಸಲಿಲ್ಲ.